ಬೆಳ್ಳಿಯ ಬಟ್ಟಲು ಮತ್ತು ಸೊಸೆಯ ಲೆಕ್ಕ

ಜಪಾನಿನಲ್ಲಿ ನೂರಕ್ಕೆ ಕಾಲಿಡುವವರಿಗೆ ಸರ್ಕಾರ ಒಂದು ಬೆಳ್ಳಿಯ ಬಟ್ಟಲು ಕೊಡುತ್ತದೆ. 1963ರಲ್ಲಿ ಇದು ಶುರುವಾದಾಗ ಇಡೀ ದೇಶದಲ್ಲಿದ್ದ ಶತಾಯುಷಿಗಳು 153 ಮಂದಿ. ಅಷ್ಟು ಜನಕ್ಕೆ ಅಪ್ಪಟ ಬೆಳ್ಳಿ ಕೊಟ್ಟರೆ ಯಾವ ಖಜಾನೆಯೂ ಬರಿದಾಗುವುದಿಲ್ಲ. 2016ರ ಹೊತ್ತಿಗೆ ಶತಾಯುಷಿಗಳು 65 ಸಾವಿರ ದಾಟಿದ್ದರು. ಆ ವರ್ಷದಿಂದ ಬಟ್ಟಲಿಗೆ ಬೆಳ್ಳಿಯ ಲೇಪ ಮಾತ್ರ. 2025ರಲ್ಲಿ ಅವರ ಸಂಖ್ಯೆ 99,763.

ಹಿರಿಯರ ಸಂಖ್ಯೆ ಹೆಚ್ಚುತ್ತಿರುವ ಬಗ್ಗೆ ಮಾತು ಎತ್ತಿದರೆ ಸಾಕು, ಒಬ್ಬರು ಪಿಂಚಣಿ ಎನ್ನುತ್ತಾರೆ, ಇನ್ನೊಬ್ಬರು ನಿವೃತ್ತಿ ವಯಸ್ಸು ಎನ್ನುತ್ತಾರೆ, ಮತ್ತೊಬ್ಬರು ಮಕ್ಕಳೇ ಹುಟ್ಟುತ್ತಿಲ್ಲವಲ್ಲ ಎಂದು ತಲೆ ಮೇಲೆ ಕೈ ಹೊರುತ್ತಾರೆ. ಎಲ್ಲವೂ ನಿಜವೇ. ಆದರೆ ಈ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಸದಾ ಹಿಂದೆ ಬೀಳುತ್ತದೆ: ಕೈಲಾಗದ ದಿನ ಬಂದಾಗ ಎಬ್ಬಿಸಿ ಕೂರಿಸುವವರು ಯಾರು?

ಮೊದಲಿಗೆ ಸರ್ಕಾರಗಳು ಆ ಪ್ರಶ್ನೆಯ ಗೋಜಿಗೇ ಹೋಗಲಿಲ್ಲ. ಹಣದ ವ್ಯವಸ್ಥೆಯೊಂದನ್ನು ಮಾಡಿ ಸುಮ್ಮನಾದವು. 1889ರಲ್ಲಿ ಬಿಸ್ಮಾರ್ಕನ ಜರ್ಮನಿ ವೃದ್ಧಾಪ್ಯ ವಿಮೆ ತಂದಾಗ ಅರ್ಹತೆಯ ವಯಸ್ಸು 70. (ಬಿಸ್ಮಾರ್ಕ್ 65 ಅಂದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದು 65 ಆದದ್ದು 1916ರಲ್ಲಿ, ಅವನು ಸತ್ತು ಎಷ್ಟೋ ವರ್ಷದ ಮೇಲೆ.) ಬ್ರಿಟನ್ 1909ರ ಜನವರಿಯಿಂದ 70 ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಶಿಲಿಂಗ್ ಕೊಡತೊಡಗಿತು. ಅಷ್ಟು ವಯಸ್ಸಿನವರೆಗೆ ಬದುಕಿ ಉಳಿಯುವವರೇ ಕಡಿಮೆ ಎಂಬ ಕಾಲದ ಲೆಕ್ಕ ಅದು. ಲೆಕ್ಕ ಎಷ್ಟು ಬೇಗ ತಲೆಕೆಳಗಾಗಬಲ್ಲದು ಎಂಬುದಕ್ಕೆ ಅಮೆರಿಕದ ಐಡಾ ಮೇ ಫುಲ್ಲರ್ ಸಾಕು. ಸೋಷಿಯಲ್ ಸೆಕ್ಯುರಿಟಿ ಎಂಬ ಅಲ್ಲಿನ ಸರ್ಕಾರಿ ಪಿಂಚಣಿಯ ಮೊದಲ ಮಾಸಿಕ ಚೆಕ್ಕು 1940ರ ಜನವರಿಯಲ್ಲಿ ಅವರ ಹೆಸರಿಗೆ ಬಂತು, 22.54 ಡಾಲರ್. ಅಲ್ಲಿಯವರೆಗೆ ಅವರು ಕಟ್ಟಿದ್ದ ಒಟ್ಟು ಮೊತ್ತ 24.75 ಡಾಲರ್. ಎರಡನೇ ಚೆಕ್ಕಿಗೇ ಅಸಲು ವಾಪಸ್ಸು. ಆಮೇಲೆ ಅವರು ನೂರು ತುಂಬುವವರೆಗೂ ಬದುಕಿದರು, ಒಟ್ಟು 22 ಸಾವಿರ ಡಾಲರಿಗೂ ಹೆಚ್ಚು ಪಡೆದರು.

ಹಣದ ಕಥೆ ಅಷ್ಟಕ್ಕೆ ಬಿಡೋಣ. ಆರೈಕೆಯ ಕಥೆ ತಿಳಿಯಬೇಕಾದರೆ ಜಪಾನಿಗೇ ಮರಳಬೇಕು. ಬೇರೆಯವರು ನಿಧಾನವಾಗಿ ಹತ್ತಿದ ಮೆಟ್ಟಿಲನ್ನು ಆ ದೇಶ ಓಡಿ ಹತ್ತಿತು. 65 ದಾಟಿದವರ ಪಾಲು ನೂರಕ್ಕೆ 7ರಿಂದ 14 ಆಗಲು ಫ್ರಾನ್ಸಿಗೆ 115 ವರ್ಷ ಹಿಡಿಯಿತು. ಜಪಾನಿಗೆ 1970ರಿಂದ 1994ರವರೆಗಿನ 24 ವರ್ಷ ಸಾಕಾಯಿತು.

ಬೆಳ್ಳಿ ಬಟ್ಟಲಿನ ವರ್ಷವೇ, 1963ರಲ್ಲೇ, ಹಿರಿಯರ ಕಲ್ಯಾಣ ಕಾನೂನೂ ಬಂತು. ಹಾಸಿಗೆ ಹಿಡಿದವರಿಗೆ ವಿಶೇಷ ಆರೈಕೆ ಮನೆಗಳಾದವು. ಆದರೆ ಅಲ್ಲಿಗೆ ಯಾರು ಹೋಗಬೇಕೆಂದು ತೀರ್ಮಾನಿಸುತ್ತಿದ್ದುದು ಸ್ಥಳೀಯ ಆಡಳಿತ. ಆದಾಯ ನೋಡಬೇಕು, ಮನೆಯಲ್ಲಿ ನೋಡಿಕೊಳ್ಳುವವರಿದ್ದಾರಾ ಎಂದು ವಿಚಾರಿಸಬೇಕು. ಹೀಗಾಗಿ ಅಲ್ಲಿ ಸೇರಿದವರನ್ನು ದಿಕ್ಕಿಲ್ಲದವರಂತೆ ಕಾಣುವುದು ತಪ್ಪಲಿಲ್ಲ. ಆಸ್ಪತ್ರೆಗೆ ಅಂಥ ಕಳಂಕವಿರಲಿಲ್ಲ. 1973ರಲ್ಲಿ 70 ದಾಟಿದವರಿಗೆ ಚಿಕಿತ್ಸೆ ಉಚಿತವೆಂದು ಸರ್ಕಾರ ಘೋಷಿಸಿದ ಮೇಲಂತೂ ಕೇಳುವುದೇ ಬೇಡ. ಕಾಯಿಲೆ ವಾಸಿಯಾದರೂ ಮನೆಗೆ ಹೋಗಲಾಗದೆ ವಾರ್ಡಿನಲ್ಲೇ ತಿಂಗಳುಗಟ್ಟಲೆ ಉಳಿದವರಿಗೆ 'ಸಾಮಾಜಿಕ ದಾಖಲಾತಿ' ಎಂಬ ಹೆಸರೇ ಹುಟ್ಟಿಕೊಂಡಿತು. ಆಸ್ಪತ್ರೆಯ ಕಾಯುವ ಕೋಣೆ ಹಿರಿಯರ ಹರಟೆಕಟ್ಟೆಯಾಯಿತು. ಆಗಿನ ಒಂದು ನಗೆಹನಿ ಹೀಗಿದೆ: "ಏನು, ಇವತ್ತು ಅವರು ಕಾಣ್ತಿಲ್ಲ?" "ಪಾಪ, ಮೈ ಹುಷಾರಿಲ್ವಂತೆ."

ಅದೇ ವರ್ಷದ ಕೊನೆಗೆ ತೈಲ ಬಿಕ್ಕಟ್ಟು ಬಂತು, ಬೊಕ್ಕಸದ ಗಂಟು ಬಿಗಿಯಾಯಿತು. 1978ರ ಸರ್ಕಾರಿ ಶ್ವೇತಪತ್ರವೊಂದು ತಂದೆತಾಯಿಯ ಜೊತೆ ಮಕ್ಕಳು ಒಂದೇ ಸೂರಿನಡಿ ಇರುವುದನ್ನು ಕಲ್ಯಾಣದ 'ಅಡಗಿದ ಆಸ್ತಿ' ಎಂದು ಬಣ್ಣಿಸಿತು. ಪದ ಲೆಕ್ಕಶಾಸ್ತ್ರದ್ದು: ಲೆಕ್ಕಪುಸ್ತಕದಲ್ಲಿ ಕಾಣದಿದ್ದರೂ ಕೈಯಲ್ಲಿರುವ ಸ್ವತ್ತು. ಕೇಳಲು ಹಿತವಾದ ಮಾತು. ಆದರೆ ಆ ಆಸ್ತಿ ಬೆಳಿಗ್ಗೆ ಎದ್ದು ಅತ್ತೆಯ ಮೈ ಒರೆಸುತ್ತಿತ್ತು, ಮಾವನ ಹಾಸಿಗೆ ಬದಲಿಸುತ್ತಿತ್ತು, ಹೊರಗಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಿತ್ತು. ಬಹುಪಾಲು ಮನೆಗಳಲ್ಲಿ ಅದರ ಹೆಸರು ಸೊಸೆ. 1983ರಲ್ಲಿ ಉಚಿತ ಚಿಕಿತ್ಸೆ ಮುಗಿದು ಅಲ್ಪಸ್ವಲ್ಪ ಶುಲ್ಕ ಶುರುವಾದ ವರ್ಷವೇ, ವಯಸ್ಸಾಗುತ್ತಿರುವ ಸಮಾಜ ಹೇಗಿರಬೇಕೆಂದು ಕೇಳುವ ಮಹಿಳೆಯರ ಸಂಘಟನೆಯೊಂದು ಹುಟ್ಟಿತು. ಅದನ್ನು ಕಾಕತಾಳೀಯ ಎನ್ನುವವರು ಎನ್ನಲಿ.

1989ರಲ್ಲಿ ಜನ ಕೊಳ್ಳುವ ವಸ್ತು, ಸೇವೆಗಳ ಮೇಲೆ ಶೇ. 3ರ ಬಳಕೆ ತೆರಿಗೆ ಬಂತು, ಬೊಕ್ಕಸಕ್ಕೆ ಹೊಸ ವರಮಾನ. ಅದೇ ವರ್ಷದ ಕೊನೆಗೆ ಆರೈಕೆ ಮನೆ, ಮನೆಗೆ ಬರುವ ಸಹಾಯಕರನ್ನು ಹೆಚ್ಚಿಸುವ ಹತ್ತು ವರ್ಷದ 'ಗೋಲ್ಡ್ ಪ್ಲಾನ್' ಪ್ರಕಟವಾಯಿತು. ಅದೂ ಸಾಲಲಿಲ್ಲ. 1997ರಲ್ಲಿ ಆರೈಕೆ ವಿಮೆಯ ಕಾನೂನು ಆಯಿತು, 2000ದ ಏಪ್ರಿಲ್ 1ರಿಂದ ಜಾರಿ. 40 ತುಂಬಿದವರೆಲ್ಲ ಕಂತು ಕಟ್ಟಬೇಕು. ಮುಖ್ಯವಾಗಿ 65 ದಾಟಿದವರಿಗೆ ಸೇವೆ, ಖರ್ಚಿನ ಹತ್ತರಲ್ಲಿ ಒಂದು ಪಾಲು ಅವರದು. (ಮುಂದೆ ಹೆಚ್ಚು ಆದಾಯದವರ ಪಾಲು ಎರಡಾಯಿತು, ಮೂರೂ ಆಯಿತು.)

ಕಾನೂನು ಬರುವ ಮುನ್ನ ನಡೆದ ಜಗಳ ಒಂದು ಹೇಳಲೇಬೇಕು. ಮನೆಯವರೇ ನೋಡಿಕೊಂಡರೆ ಅವರ ಕೈಗೆ ಹಣ ಕೊಡಬೇಕೇ? ಜರ್ಮನಿ 1995ರ ತನ್ನ ಆರೈಕೆ ವಿಮೆಯಲ್ಲಿ ಕೊಡುತ್ತೇನೆ ಎಂದಿತ್ತು. ಜಪಾನಿನ ಮಹಿಳಾ ಸಂಘಟನೆಗಳು ಬೇಡ ಎಂದವು. ನಾಲ್ಕು ಕಾಸು ಕೊಟ್ಟರೆ 'ನಿನಗೆ ದುಡ್ಡು ಬರುತ್ತದಲ್ಲ' ಎಂದು ಸೊಸೆಯನ್ನು ಮತ್ತೆ ಹಾಸಿಗೆಯ ಪಕ್ಕಕ್ಕೇ ಕಟ್ಟಿಹಾಕುತ್ತಾರೆ ಎಂಬುದು ಅವರ ವಾದ. ಇನ್ನೊಂದು ಕಡೆಯವರು, ಇಂಥ ವಿಮೆ ಬಂದರೆ ಮಕ್ಕಳು ಹೆತ್ತವರನ್ನು ನೋಡುವ ಒಳ್ಳೆಯ ಸಂಪ್ರದಾಯವೇ ಹಾಳಾಗುತ್ತದೆ ಎಂದರು. ಹೀಗೆ ಹೇಳಿದವರಲ್ಲಿ ಎಷ್ಟು ಮಂದಿ ಸ್ವತಃ ರಾತ್ರಿ ಎದ್ದು ಬಟ್ಟೆ ಬದಲಿಸಿದ್ದರೋ ತಿಳಿಯದು. ಕೊನೆಗೆ ಹಣವಿಲ್ಲ, ಸೇವೆ ಮಾತ್ರ ಎಂದಾಯಿತು.

ಸೇವೆ ಬೇಕೆಂದರೆ ಮೊದಲು ಪರೀಕ್ಷೆ. ಮನೆಗೆ ಬರುವ ಅಧಿಕಾರಿಯ ಕೈಯಲ್ಲಿ 74 ಅಂಶಗಳ ಪಟ್ಟಿ. ಒಂಟಿ ಕಾಲಲ್ಲಿ ನಿಲ್ಲಬಲ್ಲಿರಾ? ಉಗುರು ನೀವೇ ಕತ್ತರಿಸಿಕೊಳ್ಳುತ್ತೀರಾ? ಹುಟ್ಟಿದ ದಿನ ಯಾವುದು? ಈಗ ಯಾವ ಋತು? ಬಂದವರ ಮುಂದೆ ಮಾನ ಉಳಿಸಿಕೊಳ್ಳುವ ಹಟ ಹಿರಿಯರಿಗೆ. ನಿನ್ನೆಯವರೆಗೆ ಗೋಡೆ ಹಿಡಿದು ನಡೆದವರು ಆ ದಿನ ನೆಟ್ಟಗೆ ಎದ್ದು ನಿಲ್ಲುತ್ತಾರೆ, 'ಎಲ್ಲ ನಾನೇ ಮಾಡ್ಕೋತೀನಿ' ಎನ್ನುತ್ತಾರೆ. ಅವರ ಬೆನ್ನ ಹಿಂದೆ ನಿಂತ ಮಗಳೋ ಸೊಸೆಯೋ ಇಲ್ಲವೆಂದು ತಲೆಯಾಡಿಸುತ್ತಾಳೆ. ಉತ್ತರಗಳು ಕಂಪ್ಯೂಟರಿಗೆ ಹೋಗಿ ನಿಮಿಷಗಳಾಗಿ ಹೊರಬರುತ್ತವೆ: ದಿನಕ್ಕೆ 32 ನಿಮಿಷದ ಆರೈಕೆ ಬೇಕೆಂದರೆ ಒಂದು ಹಂತ, 110 ನಿಮಿಷ ಮುಟ್ಟಿದರೆ ಅತಿ ಮೇಲಿನ ಹಂತ. ಆಮೇಲೆ ವೈದ್ಯರ ಅಭಿಪ್ರಾಯವನ್ನೂ ಇಟ್ಟುಕೊಂಡು ಸಮಿತಿಯೊಂದು ತೀರ್ಮಾನಿಸುತ್ತದೆ. ಮನೆಗೆ ಬರುವ ಸಹಾಯಕಿ ಅಜ್ಜಿಯ ಬಟ್ಟೆ ಒಗೆಯಬಹುದು, ಮಗನ ಅಂಗಿ ಒಗೆಯುವಂತಿಲ್ಲ. ಅಜ್ಜಿಗೆ ಅಡುಗೆ ಮಾಡಬಹುದು, ನಾಯಿಯನ್ನು ಅಡ್ಡಾಡಿಸಲು ಕರೆದೊಯ್ಯುವಂತಿಲ್ಲ. ನಗು ಬರುತ್ತದೆ, ಆದರೆ ಸೊಸೆ ಮಾಡುತ್ತಿದ್ದ ಕೆಲಸವನ್ನು ಮೊದಲ ಸಲ ಯಾರೋ ಕೂತು ಬಿಡಿಬಿಡಿಯಾಗಿ ಬರೆದದ್ದು ಈ ನಿಯಮಗಳಲ್ಲೇ.

ಆಮೇಲಿನದು ಲೆಕ್ಕದ ಹಗ್ಗಜಗ್ಗಾಟ. ಹಿರಿಯರು ಕಟ್ಟುವ ತಿಂಗಳ ಕಂತು ಸರಾಸರಿ 2,911 ಯೆನ್‌ನಿಂದ ಈಗ 6,225 ಯೆನ್‌ಗೆ ಏರಿದೆ. 2015ರಿಂದ ವಿಶೇಷ ಆರೈಕೆ ಮನೆಗಳಿಗೆ ಮೇಲಿನ ಮೂರು ಹಂತದವರಿಗಷ್ಟೇ ಸಾಮಾನ್ಯವಾಗಿ ಪ್ರವೇಶ. ಕೆಲಸಕ್ಕೆ ಜನ ಸಾಲದೆ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂನಿಂದ ಕರೆತಂದದ್ದೂ ಆಯಿತು. ದಕ್ಷಿಣ ಕೊರಿಯಾ 2008ರಲ್ಲಿ ಇಂಥದ್ದೇ ವಿಮೆ ತಂದಿತು, ಹಿರಿಯರ ಪಾಲು ಏರುವ ಮೆಟ್ಟಿಲಲ್ಲಿ ಅದರ ಓಟ ಜಪಾನಿಗಿಂತಲೂ ಚುರುಕು.

ಸೊಸೆಯಂತೂ ಲೆಕ್ಕದಿಂದ ಬಹುಮಟ್ಟಿಗೆ ಬಿಡುಗಡೆ ಪಡೆದಳು. 2001ರಲ್ಲಿ ಜಪಾನಿನ ನೂರು ಮಂದಿ ಮುಖ್ಯ ಆರೈಕೆದಾರರಲ್ಲಿ ಸುಮಾರು 22 ಮಂದಿ ಒಂದೇ ಮನೆಯಲ್ಲಿರುವ ಸೊಸೆ ಅಥವಾ ಅಳಿಯ. 2022ಕ್ಕೆ ಅದು ಸುಮಾರು 5. ಅವಳ ಜಾಗಕ್ಕೆ ಬರೀ ಸರ್ಕಾರ ಬಂದಿಲ್ಲ, ಮನೆಯಲ್ಲೇ ಇದ್ದು ನೋಡಿಕೊಳ್ಳುವವರಲ್ಲಿ ಈಗ ಗಂಡ ಅಥವಾ ಹೆಂಡತಿಯ ಪಾಲೇ ದೊಡ್ಡದು. ಒಂದೇ ಮನೆಯಲ್ಲಿದ್ದು ಆರೈಕೆ ನಡೆಯುವ ಕಡೆ, ಮಾಡುವವರೂ ಮಾಡಿಸಿಕೊಳ್ಳುವವರೂ ಇಬ್ಬರೂ 65 ದಾಟಿದವರಾಗಿರುವುದು ನೂರಕ್ಕೆ 63 ಮನೆಗಳಲ್ಲಿ. ಇದಕ್ಕೆ ಜಪಾನಿಯಲ್ಲಿ 'ರೋರೋ ಕೈಗೋ' ಎನ್ನುತ್ತಾರೆ, ಮುದುಕರಿಗೆ ಮುದುಕರ ಆರೈಕೆ.

1978ರ ಶ್ವೇತಪತ್ರದ ಕಾಲಕ್ಕೆ 30 ತುಂಬಿದ್ದ ಸೊಸೆಗೆ ಈಗ 75 ದಾಟಿದೆ. ಅವಳ ಮನೆಯ ಬಾಗಿಲಿಗೂ ಪಟ್ಟಿ ಹಿಡಿದ ಅಧಿಕಾರಿ ಬರುತ್ತಾರೆ, ಉಗುರು ನೀವೇ ಕತ್ತರಿಸಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಬೆನ್ನ ಹಿಂದೆ ನಿಂತು ತಲೆಯಾಡಿಸುವವರು ಎಷ್ಟೋ ಮನೆಗಳಲ್ಲಿ ಇಲ್ಲ.