ನೈಫ್‌ನ ಮುಂದಿನ ಕೆ ಬಾಯಿ ಮುಚ್ಚಿದ್ದು ಯಾವಾಗ?

ನೈಫ್, ನೀ (ಮೊಣಕಾಲು), ನಾಟ್ (ಗಂಟು), ನೋ (ತಿಳಿ), ನೈಟ್ (ಕುದುರೆ ಏರಿದ ವೀರ). ಬರೆಯುವಾಗ ಇವುಗಳ ಮುಂದೆ ಒಂದು ಕೆ ಇರಬೇಕು, ಓದುವಾಗ ಇರಬಾರದು. ಶಾಲೆಯಲ್ಲಿ ಡಿಕ್ಟೇಷನ್ ಬರೆಯುವ ಮಕ್ಕಳು ಅದನ್ನು ಬಿಟ್ಟರೆ ಕೆಂಪು ಗೀಟು ಗ್ಯಾರಂಟಿ. ಯಾಕೆ ಅಂತ ಕೇಳಿದರೆ "ಅದು ಸೈಲೆಂಟ್, ಬಾಯಿಪಾಠ ಮಾಡು" ಅಂತಾರೆ. ಆದರೆ ಈ ಕೆ ಹುಟ್ಟಾ ಮೂಗ ಅಲ್ಲ.

ಸಾವಿರ ವರ್ಷದ ಹಿಂದೆ ಇಂಗ್ಲಿಷರು ಈ ಪದಗಳನ್ನು 'ಕ್ನ' ಎಂದೇ ಹೇಳುತ್ತಿದ್ದರು. ಬರೆಯುತ್ತಿದ್ದುದು ಸಿ ಅಕ್ಷರದಲ್ಲಿ. 'ನೈಫ್' ವೈಕಿಂಗರ ಜೊತೆ ಬಂದ ಪದ, ಅವರ ಬಾಯಲ್ಲಿ 'ಕ್ನೀಫರ್'. 'ನೈಟ್' ಅಂದರೆ ಆಗ ವೀರನೂ ಅಲ್ಲ, ಶೂರನೂ ಅಲ್ಲ, ಸುಮ್ನೆ ಹುಡುಗ ಅಥವಾ ಆಳು. ಜರ್ಮನ್‌ನಲ್ಲಿ 'ಕ್ನೆಖ್ಟ್' ಈಗಲೂ ಆಳೇ. ಹುಡುಗ ಅನ್ನೋದಕ್ಕೆ ಇದೇ ಜಾತಿಯ ಇನ್ನೊಂದು ಪದವೂ ಇತ್ತು: 'ನೇವ್'. ಅದರ ಮುಂದೆಯೂ ಇದೇ ಕೆ. ಒಬ್ಬ ಹುಡುಗ ರಾಜನ ಸೇವೆಗೆ ಸೇರಿ ಕುದುರೆ ಹತ್ತಿದ, ಇನ್ನೊಬ್ಬ ಪದಕೋಶದಲ್ಲಿ ಪೋಕರಿಯಾಗಿ ಉಳಿದ. ಪದಗಳಿಗೂ ಹಣೆಬರಹ ಇರುತ್ತದೆ, ಅಲ್ವಾ?

1066ರಲ್ಲಿ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ದರು. ಮುಂದಿನ ಶತಮಾನಗಳ ಬರಹಗಾರರು ಸಿ ತೆಗೆದು ಕೆ ಹಾಕಿದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಯಂತ್ರ ಇಟ್ಟಾಗ ಈ ಕೆ ಇನ್ನೂ ಬಾಯಲ್ಲಿತ್ತು. ಹಾಗಾಗಿ ಅಚ್ಚಿಗೂ ಬಂತು. ಅಲ್ಲಿಯವರೆಗೂ ತಕರಾರೇ ಇಲ್ಲ.

ಎಡವಟ್ಟಾಗಿದ್ದು ಆಮೇಲೆ. 17ನೇ ಶತಮಾನದಲ್ಲಿ ಈ ಕೆ ಸವೆಯತೊಡಗಿತು. ಒಂದೇ ಏಟಿಗೆ ಹೋಗಲಿಲ್ಲ. 'ಕ್ನ' ಇದ್ದದ್ದು ಕೆಲವರ ಬಾಯಲ್ಲಿ 'ಹ್ನ' ಆಯಿತು, ಕೆಲವರಲ್ಲಿ 'ತ್ನ' ಆಯಿತು, ಕೊನೆಗೆ ಬರೀ 'ನ' ಉಳಿಯಿತು. ಅಷ್ಟರಲ್ಲಿ ಕಾಗುಣಿತ ಗಟ್ಟಿಯಾಗಿಬಿಟ್ಟಿತ್ತು. ನಾಲಿಗೆಗೆ ಕಷ್ಟವಾಗಿ ಬಿಟ್ಟರು ಅನ್ನೋಣವೆಂದರೆ, ಪಕ್ಕದ ಜರ್ಮನ್ನರು ಮೊಣಕಾಲಿಗೆ ಇವತ್ತಿಗೂ 'ಕ್ನೀ' ಅಂತಲೇ ಹೇಳುತ್ತಾರೆ. ಇಂಗ್ಲಿಷಿನಲ್ಲೂ ಕೆ ಪೂರ್ತಿ ಸತ್ತಿಲ್ಲ. 'ಅಕ್ನಾಲೆಡ್ಜ್' ಹೇಳಿ ನೋಡಿ. ಹಿಂದೆ ಒಂದು ಸ್ವರದ ಆಸರೆ ಸಿಕ್ಕಿದ್ದರಿಂದ ಅಲ್ಲಿ ಬದುಕಿಕೊಂಡಿದೆ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಮಾಡುವಾಗ ಕೆ ಮೌನವಾಗಿತ್ತು. ಆದರೂ ಅವರು ಅದನ್ನು ಮುಟ್ಟಲಿಲ್ಲ. 1828ರ ನಿಘಂಟಿನಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ 'ಮ್ಯೂಸಿಕ್' ಕೊನೆಯಲ್ಲಿದ್ದ ಹಳೇ ಕೆ ಕಿತ್ತುಹಾಕಿದರು, ನೈಫಿನ ಕೆ ಬಿಟ್ಟರು. ಬಾಲ ಹೋಯಿತು, ಕೊಂಬು ಉಳಿಯಿತು. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 300 ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯಕ್ಕೆ ಕಳಿಸಿದರು. ಪತ್ರಿಕೆಗಳು ನಕ್ಕವು, ಸಂಸತ್ತು ಒಪ್ಪಲಿಲ್ಲ, ವರ್ಷ ಮುಗಿಯುವಷ್ಟರಲ್ಲಿ ಆದೇಶ ವಾಪಸ್.

ಈ ಕೆ ದಂಡ ಅನ್ನುವವರೇ ಜಾಸ್ತಿ. ಆದರೆ ತೆಗೆದುಹಾಕಿದರೆ ಒಂದು ನಂಟೂ ಹೋಗುತ್ತದೆ. 'ನೋ' ಮತ್ತು ಸಂಸ್ಕೃತದ 'ಜ್ಞಾನ' ಒಂದೇ ಬೇರಿನವು. 'ನೀ' ಮತ್ತು 'ಜಾನು' ಕೂಡ ಹಾಗೆಯೇ. ನಮ್ಮ ಕಡೆ ಜ, ಜ್ಞ ಆಗಿದ್ದು ಆ ಕಡೆ ಕೆ ಆಗಿ ಕೂತಿದೆ. ಆಜಾನುಬಾಹು ಅನ್ನುವಾಗ ನಾವು ಮುಟ್ಟುವುದು ಅದೇ ಮೊಣಕಾಲನ್ನು. ದಿನಾ ಡಿಕ್ಟೇಷನ್ ಬರೆಯುವ ಏಳು ವರ್ಷದ ಮಗುವಿಗೆ ಈ ನಂಟು ಕಟ್ಟಿಕೊಂಡು ಏನಾಗಬೇಕು ಅಂದರೆ, ಅದೂ ನ್ಯಾಯವೇ.

ಕನ್ನಡಕ್ಕೆ ಮಾತ್ರ ಈ ತಲೆನೋವು ತಟ್ಟಲಿಲ್ಲ. 1809ರಲ್ಲಿ ಅಮೆರಿಕದ ವಾಷಿಂಗ್ಟನ್ ಇರ್ವಿಂಗ್ 'ನಿಕರ್‌ಬಾಕರ್' (ಇದರ ಮುಂದೆಯೂ ಅದೇ ಮೂಗ ಕೆ) ಎಂಬ ಡಚ್ ಹೆಸರಿಟ್ಟುಕೊಂಡು ನ್ಯೂಯಾರ್ಕಿನ ಹಾಸ್ಯಚರಿತ್ರೆ ಬರೆದರು. ಆಮೇಲೆ ಅದಕ್ಕೆ ಬಿಡಿಸಿದ ಚಿತ್ರಗಳಲ್ಲಿ ಹಳೇ ಡಚ್ಚರು ಮೊಣಕಾಲಿನವರೆಗಿನ ದೊಗಲೆ ಚಲ್ಲಣ ತೊಟ್ಟಿದ್ದರು. ಹೆಸರು ಬಟ್ಟೆಗೆ ಅಂಟಿತು, ಕುಗ್ಗಿ 'ನಿಕರ್ಸ್' ಆಯಿತು. ನಮ್ಮೂರಿನ ಟೈಲರ್ ಅದನ್ನು ನಿಕ್ಕರ್ ಅಂದ, ಕೇಳಿಸಿದ ಹಾಗೇ ಬರೆದುಕೊಂಡ. ಮುಂದಿನ ಕೆ ಬಗ್ಗೆ ಅವನನ್ನು ಯಾರೂ ಕೇಳಲೂ ಇಲ್ಲ.