ಎರಡು ವಿಮಾನ ನಿಲ್ದಾಣಗಳ ನಡುವಣ ದೂರ ಮತ್ತು ಹಾರಾಟದ ಅವಧಿ: ಕಾರವಾರ, ಶಿರಸಿಯ ಉದಾಹರಣೆಗಳೊಂದಿಗೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಅಂಕೋಲಾ ಸಮೀಪದ ಅಲಗೇರಿಯ ಪ್ರಸ್ತಾಪ ಇನ್ನೂ ಹಾರಾಟದ ಹಂತಕ್ಕೆ ಬಂದಿಲ್ಲ. ಹೀಗಾಗಿ ಬೆಂಗಳೂರಿಗೆ ಹಾರಬೇಕಾದ ಕಾರವಾರದವರು ಗೋವಾದ ದಾಬೋಲಿಂಗೆ, ಘಟ್ಟದ ಮೇಲಿನ ಶಿರಸಿಯವರು ಹುಬ್ಬಳ್ಳಿಗೆ ಹೋಗುವುದು ರೂಢಿ. ಈ ಎರಡು ಮಾರ್ಗಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಗೋಳದ ಮೇಲಿನ ಎರಡು ಬಿಂದುಗಳ ನಡುವಣ ಅತಿ ಕಡಿಮೆ ದೂರವೆಂದರೆ ಅವುಗಳ ಮೂಲಕ ಹಾದುಹೋಗುವ ಮಹಾವೃತ್ತದ (ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ) ಕಂಸದ ಉದ್ದ. ಮಹಾವೃತ್ತದ ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.; ಬಂದರಿನ ಊರಿನವರಿಗೆ ಈ ಅಳತೆ ಹೊಸದೇನಲ್ಲ. ದಾಬೋಲಿಂ ಇರುವುದು 15.38 ಡಿಗ್ರಿ ಉತ್ತರ ಅಕ್ಷಾಂಶ, 73.83 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಂಗಳೂರು ನಿಲ್ದಾಣ 13.20 ಮತ್ತು 77.71ರಲ್ಲಿ. ಅಕ್ಷಾಂಶದ ವ್ಯತ್ಯಾಸ 2.18 ಡಿಗ್ರಿ, ಅಂದರೆ ಸುಮಾರು 131 ನಾಟಿಕಲ್ ಮೈಲಿ. ರೇಖಾಂಶದ ವ್ಯತ್ಯಾಸ 3.88 ಡಿಗ್ರಿಯಾದರೂ, ಧ್ರುವದತ್ತ ಸಾಗಿದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಅದನ್ನು ಸರಾಸರಿ ಅಕ್ಷಾಂಶದ ಕೊಸೈನಿನಿಂದ, ಅಂದರೆ 0.969ರಿಂದ, ಗುಣಿಸಲೇಬೇಕು, ಆಗ ಸಿಗುವುದು 3.76 ಡಿಗ್ರಿ, ಅಂದರೆ ಸುಮಾರು 226 ನಾಟಿಕಲ್ ಮೈಲಿ. ಈ ಗುಣಾಕಾರವನ್ನು ಬಿಟ್ಟರೆ ಕೊನೆಗೆ ಸಿಗುವ ದೂರ ಹನ್ನೊಂದು ಕಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಪೈಥಾಗೊರಸ್ ಪ್ರಮೇಯವನ್ನು ಅನ್ವಯಿಸಿದಾಗ ದೂರ 261 ನಾಟಿಕಲ್ ಮೈಲಿ, ಅಂದರೆ ಸುಮಾರು 483 ಕಿ.ಮೀ. ಆಗುತ್ತದೆ. ಭೂಮಿಯನ್ನು ಸಮತಟ್ಟೆಂದು ಭಾವಿಸುವ ಈ ಸುಲಭೋಪಾಯ ಇಂಥ ಗಿಡ್ಡ ಮಾರ್ಗಗಳಿಗಷ್ಟೇ ಸಾಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ. ಉದ್ದದ ಮಹಾವೃತ್ತ ಉತ್ತರ ಧ್ರುವದ ಸಮೀಪವೇ ಹಾಯುತ್ತದೆ. ಅಲ್ಲಿ ಗೋಳೀಯ ತ್ರಿಕೋನಮಿತಿಯೇ ಬೇಕು.

ಇನ್ನು ಅವಧಿ. ಜೆಟ್ ವಿಮಾನದ ವೇಗವನ್ನು 430 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), ಅಂದರೆ ಗಂಟೆಗೆ ಸುಮಾರು 800 ಕಿ.ಮೀ. ಎಂದು ಹಿಡಿದರೆ 261 ನಾಟಿಕಲ್ ಮೈಲಿಗೆ 36 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ಅವಧಿ ಕಾಣುತ್ತದೆ. ವೇಳಾಪಟ್ಟಿ ಎಣಿಸುವುದು ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮತ್ತೊಂದೆಡೆ ಪೂರ್ತಿ ನಿಲ್ಲುವವರೆಗಿನ ಸಮಯವನ್ನು. ನೆಲದ ಮೇಲಿನ ಓಡಾಟ, ಸರದಿಗಾಗಿ ಕಾಯುವುದು, ನಿಧಾನವಾದ ಏರಿಕೆ ಮತ್ತು ಇಳಿಕೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ ವೇಗವು 250 ನಾಟ್ ಮೀರುವಂತಿಲ್ಲ.

ಗಾಳಿಯ ಪಾತ್ರವನ್ನು ಅನೇಕರು ಹಾರಾಟದ ನಡುಭಾಗದಲ್ಲಿ ಮಾತ್ರ ಹುಡುಕುತ್ತಾರೆ. 30 ನಾಟ್ ಎದುರುಗಾಳಿ ಬೀಸಿದರೂ ಈ ಮಾರ್ಗದಲ್ಲಿ ಹೆಚ್ಚಾಗುವುದು ಸುಮಾರು ಮೂರು ನಿಮಿಷ ಅಷ್ಟೆ. ನನ್ನ ದೃಷ್ಟಿಯಲ್ಲಿ ಇಲ್ಲಿ ಹೆಚ್ಚು ಗಮನಿಸಬೇಕಾದದ್ದು ರನ್‌ವೇ. ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿವೆ, ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಗೋವಾದಿಂದ ಬಂದ ವಿಮಾನವು ನೇರವಾಗಿ ಇಳಿಯದೆ, ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕಾಗುತ್ತದೆ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇದೇ ಕ್ರಮದಲ್ಲಿ ಸಿಗುವ ದೂರ ಸುಮಾರು 371 ಕಿ.ಮೀ., ದಾಬೋಲಿಂ ಮಾರ್ಗಕ್ಕಿಂತ 112 ಕಿ.ಮೀ. ಕಡಿಮೆ. ಆದರೆ ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ 72 ಎಂಬ ಟರ್ಬೊಪ್ರಾಪ್ (ಪ್ರೊಪೆಲ್ಲರ್‌ನಿಂದ ಹಾರುವ) ವಿಮಾನವನ್ನು ಇಲ್ಲಿ ಬಳಸಿದರೆ ಅದೇ ಲೆಕ್ಕ 45 ನಿಮಿಷ ಕೊಡುತ್ತದೆ: ದೂರ ಕಡಿಮೆ, ಹೊತ್ತು ಹೆಚ್ಚು. ದೂರದ ಜೊತೆಗೆ ವಿಮಾನದ ಮಾದರಿಯನ್ನೂ ಬರೆಯದ ಉತ್ತರ ಅಪೂರ್ಣವೆನ್ನುವುದು ಇದಕ್ಕಾಗಿಯೇ.