ಬೀದಿಯಲ್ಲಿ ಗುರುತಿಲ್ಲದವರ ಫೋಟೊ: ಕೇಳಿ ತೆಗೀಬೇಕಾ, ತೆಗೆದು ಕೇಳಬೇಕಾ?

ಪ್ರಶ್ನೆ: ಭಾನುವಾರ ಬೆಳಗ್ಗೆ ಕ್ಯಾಮೆರಾ ಹಿಡಿದು ಮಾರ್ಕೆಟ್ ಕಡೆ ಹೋಗುತ್ತೇನೆ. ಮೊದಲೇ ಕೇಳಿದರೆ ಜನ ಕೆಲಸ ಬಿಟ್ಟು ನೆಟ್ಟಗೆ ನಿಂತುಬಿಡುತ್ತಾರೆ. ಕೇಳದೆ ತೆಗೆದರೆ ಕದ್ದ ಹಾಗೆ ಅನ್ನಿಸುತ್ತದೆ. ಏನು ಮಾಡಲಿ?

ಈ ಪ್ರಶ್ನೆಯ ಹಿಂದೆ ಇರುವುದು ಕಾನೂನಿನ ಭಯ ಅಲ್ಲ, ಮುಜುಗರ. ನಾಲ್ಕು ಜನರ ಮುಂದೆ ಯಾರಾದರೂ ‘ಯಾಕ್ರೀ ತೆಗೀತೀರಾ?’ ಅಂತ ಕೂಗಿಬಿಟ್ಟರೆ? ನನಗೂ ಅದೇ ಅಂಜಿಕೆ ಇತ್ತು. ಮೊದಲ ಎರಡು ವರ್ಷ ನಾನು ತೆಗೆದ ಫೋಟೊಗಳಲ್ಲಿ ಜನರ ಬೆನ್ನೇ ಜಾಸ್ತಿ.

ಆಮೇಲೆ ಒಂದು ದುಬಾರಿ ತಪ್ಪು ಮಾಡಿದೆ. ಉದ್ದನೆಯ ಜೂಮ್ ಲೆನ್ಸ್ ಕೊಂಡೆ. ರಸ್ತೆಯ ಈಚೆ ಕಂಬದ ಮರೆಯಲ್ಲಿ ನಿಂತು ಆಚೆ ಇರುವವರನ್ನು ತೆಗೆಯತೊಡಗಿದೆ. ಮುಖಗಳೇನೋ ಸಿಕ್ಕವು, ಆದರೆ ಬೀದಿ ಹೋಯಿತು. ಹಿಂದಿನದೆಲ್ಲ ಮಸುಕು. ಅದು ಗಾಂಧಿ ಬಜಾರೋ ಶಿವಾಜಿನಗರವೋ ನನಗೇ ಗೊತ್ತಾಗುತ್ತಿರಲಿಲ್ಲ. ಕದ್ದ ಭಾವನೆಯೂ ಆಗಲೇ ಶುರುವಾಗಿದ್ದು. ಕಂಬದ ಹಿಂದೆ ನಿಂತವನನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ?

ಅದಕ್ಕೇ ನನ್ನ ಉತ್ತರ ಸ್ವಲ್ಪ ಅಡ್ಡದಾರಿ ಹಿಡಿಯುತ್ತದೆ. ಕೇಳಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು. ನೀವು ಅವರ ಕಣ್ಣಿಗೆ ಬಿದ್ದಿದ್ದೀರಾ ಅಂತ ಮೊದಲು ನೋಡಿಕೊಳ್ಳಿ. ನೀವು ಕಂಡರೆ ತಾನೆ ಅವರು ‘ಬೇಡ’ ಅನ್ನಲು ಆಗುವುದು?

ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಂಗಡಿಗಳನ್ನೇ ತೆಗೆದುಕೊಳ್ಳಿ. ಬೆಳಕು ಹರಿಯುವ ಮೊದಲೇ ಅಲ್ಲಿ ವ್ಯಾಪಾರ ಜೋರು. ಕ್ಯಾಮೆರಾದವರು ಬಂದವರೇ ಮೆಟ್ಟಿಲು ಹತ್ತಿ, ಮೇಲಿಂದ ಸೇವಂತಿಗೆ, ಚೆಂಡು ಹೂವಿನ ರಾಶಿ ತೆಗೆಯುತ್ತಾರೆ. ಚೆನ್ನಾಗಿಯೇ ಇರುತ್ತದೆ. ಮೇಲಿಂದ ಮುಖ ಕಾಣುವುದಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಬೆಂಗಳೂರಿನಲ್ಲಿ ಕ್ಯಾಮೆರಾ ಇರುವ ಎಲ್ಲರ ಹತ್ತಿರವೂ ಆ ಫೋಟೊ ಇದೆ. ಕೆಳಗೆ ಇಳಿಯಿರಿ. ಹತ್ತು ನಿಮಿಷ ಕ್ಯಾಮೆರಾವನ್ನು ಕತ್ತಿಗೆ ನೇತುಹಾಕಿಕೊಂಡು ಸುಮ್ನೆ ಇರಿ. ಒಂದು ಟೀ ಕುಡಿಯಿರಿ. ಮೂಟೆ ಹೊತ್ತವರು ‘ಸೈಡು, ಸೈಡು’ ಅಂತ ಕೂಗುತ್ತಾ ಬಂದಾಗ ಪಕ್ಕಕ್ಕೆ ಸರಿಯಿರಿ. ಮಾರ್ಕೆಟ್ಟಿನಲ್ಲಿ ನಾನು ಬೈಸಿಕೊಂಡದ್ದು ಫೋಟೊ ತೆಗೆದದ್ದಕ್ಕಿಂತ ದಾರಿಗೆ ಅಡ್ಡ ನಿಂತದ್ದಕ್ಕೇ ಜಾಸ್ತಿ. ಹತ್ತು ನಿಮಿಷ ಕಳೆದ ಮೇಲೆ ನೀವು ಅಲ್ಲಿನ ಇನ್ನೊಂದು ಕಂಬ ಇದ್ದ ಹಾಗೆ. ನೋಡಿರುತ್ತಾರೆ, ಆದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಹತ್ತಿರ ಹೋದರೆ ಫೋಕಸ್ ಮಾಡಲು ಟೈಮ್ ಸಿಗಲ್ಲ ಅನ್ನುವವರಿಗೆ ಹಳೆಯ ಉಪಾಯವೊಂದಿದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ ಅಗಲ ನೋಟದ 28 ಎಂ.ಎಂ. ಲೆನ್ಸ್ ಹಾಕಿ, ಅಪರ್ಚರ್ ಅಂದರೆ ಬೆಳಕು ಬರುವ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿ, ಫೋಕಸ್ಸನ್ನು ಕೈಯಿಂದಲೇ 3 ಮೀಟರಿಗೆ ನಿಲ್ಲಿಸಿಬಿಡಿ. ಹತ್ತಿರ ಹತ್ತಿರ ಒಂದೂವರೆ ಮೀಟರಿನಿಂದ ಬೀದಿಯ ಆ ತುದಿಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಶಟರ್ ತೆರೆದಿರುವ ಹೊತ್ತನ್ನು 1/250 ಸೆಕೆಂಡಿಗೆ ಇಟ್ಟರೆ ನಡೆಯುವವರ ಕಾಲು ಹೆಚ್ಚಾಗಿ ಮಸುಕಾಗುವುದಿಲ್ಲ. ಬೆಳಕು ಕಡಿಮೆಯಾದರೆ ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ. ಒಂದಿಷ್ಟು ಕಾಳು ಕಾಳು ಕಂಡರೆ ಏನೂ ಮುಳುಗಿಹೋಗುವುದಿಲ್ಲ. ಫೋನ್‌ನಲ್ಲಿ ಈ ತಾಪತ್ರಯ ಇಲ್ಲ. ಅದರ ಲೆನ್ಸು ಮೊದಲೇ ಅಗಲ, ಸಣ್ಣ ಸೆನ್ಸರ್ ಆದ್ದರಿಂದ ಬಹುಪಾಲು ಎಲ್ಲವೂ ಫೋಕಸ್‌ನಲ್ಲೇ ಇರುತ್ತದೆ.

ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಆನ್ರಿ ಕಾರ್ಟಿಯೇ-ಬ್ರೆಸ್ಸಾಂ ಜನರ ಕಣ್ಣಿಗೆ ಬೀಳದಿರಲಿ ಅಂತ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳನ್ನು ಕಪ್ಪು ಟೇಪಿನಿಂದ ಮುಚ್ಚಿದ್ದರು. ಕೇಳದೆ ತೆಗೆಯುವವರು ಈ ಕಥೆಯನ್ನು ಹೇಳಿಯೇ ಹೇಳುತ್ತಾರೆ. ಬ್ರೆಸ್ಸಾಂ ಹೆಚ್ಚಾಗಿ ಬಳಸಿದ್ದು ದೂರದ್ದನ್ನು ಹತ್ತಿರ ಎಳೆಯದ 50 ಎಂ.ಎಂ. ಲೆನ್ಸ್ ಅನ್ನುವುದನ್ನು ಮಾತ್ರ ಮರೆಯುತ್ತಾರೆ. ಆ ಲೆನ್ಸಿನಲ್ಲಿ ಮುಖ ತೆಗೆಯಬೇಕಾದರೆ ಎದುರಿಗೇ ಹೋಗಬೇಕು. ನಮ್ಮ ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ (1923–2009) ತೆಗೆದ ಸಾಮಾನ್ಯ ಜನರ ಫೋಟೊಗಳನ್ನು ನೋಡಿ. ಕೆಲವರು ಕ್ಯಾಮೆರಾವನ್ನೇ ನೋಡುತ್ತಿದ್ದಾರೆ, ಕೆಲವರಿಗೆ ಅದರ ಪರಿವೆಯೇ ಇಲ್ಲ. ಸತ್ಯನ್ ತೆಗೆದ ಮಕ್ಕಳ ಫೋಟೊಗಳು 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಕೇಳಿ ತೆಗೆದದ್ದೋ ಕೇಳದೆ ತೆಗೆದದ್ದೋ ಅನ್ನುವ ಯೋಚನೆಯೇ ಆ ಚಿತ್ರಗಳ ಮುಂದೆ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? ಸಾರ್ವಜನಿಕ ಬೀದಿಯಲ್ಲಿ ಫೋಟೊ ತೆಗೆಯುವುದನ್ನೇ ನಿಷೇಧಿಸುವ ಕಾನೂನು ನಮ್ಮಲ್ಲಿ ಇಲ್ಲ. ಹಾಗಂತ ಏನು ಬೇಕಾದರೂ ತೆಗೆಯಬಹುದು ಅಂತಲೂ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಹೆಂಗಸರ ಖಾಸಗಿ ಕ್ಷಣವನ್ನು ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ನದಿ ದಡದ ಸ್ನಾನದ ಫೋಟೊ ‘ಕಲೆ’ ಅಂತ ತೆಗೆಯುವವರು ಇದನ್ನು ಒಮ್ಮೆ ಓದುವುದು ಒಳ್ಳೆಯದು. ಜಾಹೀರಾತಿಗೆ ಬಳಸುವುದಾದರೆ ಬರೆದ ಒಪ್ಪಿಗೆ ಬೇಕೇ ಬೇಕು ಅಂತ ಇಟ್ಟುಕೊಳ್ಳಿ.

ಪ್ರವಾಸಕ್ಕೆ ಹೋದಾಗ ಲೆಕ್ಕ ಬೇರೆ. ಹಂಗೇರಿಯಲ್ಲಿ 2014ರಿಂದ, ತೆಗೆಯುವ ಮುಂಚೆಯೇ ಒಪ್ಪಿಗೆ ಬೇಕು. ಜಪಾನಿನ ಕ್ಯೋಟೊದಲ್ಲಿ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ದಂಡ ಅಂತ 2019ರಲ್ಲಿ ಬೋರ್ಡ್ ಹಾಕಿದರು. ಗೇಷಾಗಳ (ಅಲ್ಲಿನ ಸಾಂಪ್ರದಾಯಿಕ ಹಾಡು, ನೃತ್ಯದ ಕಲಾವಿದೆಯರ) ಹಿಂದೆ ಪ್ರವಾಸಿಗರು ಓಡುತ್ತಿದ್ದರಂತೆ, ಇನ್ನೇನು ಮಾಡುತ್ತಾರೆ! ಕಾಶಿಯ ಮಣಿಕರ್ಣಿಕಾ ಘಾಟಿನಲ್ಲಿ ಚಿತೆಯತ್ತ ಕ್ಯಾಮೆರಾ ಎತ್ತಬೇಡಿ. ಅಲ್ಲಿ ಯಾರದೋ ಅಪ್ಪ ಉರಿಯುತ್ತಿರುತ್ತಾರೆ.

ಇನ್ನು ಮೊದಲು ಕೇಳಲೇಬೇಕಾದದ್ದು ಮಕ್ಕಳ ವಿಷಯದಲ್ಲಿ. ಅಪ್ಪ ಅಮ್ಮ ಪಕ್ಕದಲ್ಲಿ ಇಲ್ಲದಿದ್ದರೆ ನಾನು ತೆಗೆಯುವುದಿಲ್ಲ. ಮಲಗಿದ ಭಿಕ್ಷುಕರು, ಕುಡಿದು ಬಿದ್ದವರು, ಆಸ್ಪತ್ರೆ ಗೇಟಿನಲ್ಲಿ ಅಳುವವರು: ಇವರನ್ನೂ ಬಿಟ್ಟಿದ್ದೇನೆ. ಕೇಳಲು ಆಗದ ಸ್ಥಿತಿಯಲ್ಲಿ ಇರುವವರನ್ನು ಕೇಳದೆ ತೆಗೆಯುವುದು ಹೇಗೆ? ಉಳಿದವರ ವಿಷಯದಲ್ಲಿ ಮೊದಲು ತೆಗೆಯುತ್ತೇನೆ, ಆಮೇಲೆ ಮುಖ ನೋಡಿ ನಗುತ್ತೇನೆ, ಕ್ಯಾಮೆರಾ ತಿರುಗಿಸಿ ತೋರಿಸುತ್ತೇನೆ. ಬೇಡ ಅಂದರೆ ಅವರ ಎದುರಿಗೇ ಅಳಿಸುತ್ತೇನೆ. ಒಮ್ಮೊಮ್ಮೆ ಅದೇ ಆ ದಿನದ ಒಳ್ಳೆ ಫೋಟೊ ಆಗಿರುತ್ತದೆ. ಹೊಟ್ಟೆ ಉರಿಯುತ್ತದೆ, ಆದರೂ ಅಳಿಸುತ್ತೇನೆ.

ಪೋಸ್ ಕೊಟ್ಟರೆ ಫೋಟೊ ಕೆಟ್ಟಿತು ಅನ್ನುವ ನಿಮ್ಮ ಮಾತನ್ನು ಮಾತ್ರ ನಾನು ಅಷ್ಟು ಒಪ್ಪುವುದಿಲ್ಲ. ಮಾರ್ಕೆಟ್ಟಿನಲ್ಲಿ ಕನಕಾಂಬರ ಕಟ್ಟುವ ಅಮ್ಮ ಒಬ್ಬರಿದ್ದಾರೆ. ಬಲ್ಬಿನ ಬೆಳಕಲ್ಲಿ ಅವರ ಕೈ ಆಡುವುದನ್ನು ತೆಗೆದು ತೋರಿಸಿದೆ. ‘ಫೋಟೊ ಇಟ್ಕೊಂಡು ಏನ್ ಮಾಡ್ತೀಯಪ್ಪಾ, ಎರಡು ಮೊಳ ಹೂವ ತಗೊ’ ಅಂದರು. ತಗೊಂಡೆ. ಮುಂದಿನ ವಾರ ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಇದ್ರಲ್ಲಿ ನನ್ನ ಮುಖ ಎಲ್ಲಯ್ಯಾ?’ ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತರು. ‘ಈಗ ತೆಗಿ.’

ಆ ಎರಡನೇ ಫೋಟೊಗೆ ಲ್ಯಾಮಿನೇಷನ್ ಆಗಿದೆ. ತಕ್ಕಡಿಯ ಹಿಂದೆ, ದೇವರ ಪಟದ ಪಕ್ಕದಲ್ಲಿ ತೂಗುತ್ತಿದೆ. ಮೊದಲಿನ ಕೈ ಫೋಟೊ ಎಲ್ಲಿ ಅಂತ ಮೊನ್ನೆ ಕೇಳಿದೆ.

‘ಯಾವ್ದು?’ ಅಂದರು.